ಸಂತೆಯಲ್ಲಿ ಕಲಿತ ಇಂಗ್ಲಿಷು

ನನ್ನ ತರಕಾರಿ ಮಂಡಿಗೆ ಕೋಸು, ಬೀಟ್ರೂಟು ತರುವ ರೈತರು ಮೂಟೆ ಇಳಿಸಿ, ತೂಕ ಮುಗಿಸಿ, ಟೀ ಕುಡಿಯುವಾಗ ಮಕ್ಕಳ ಮಾತು ತೆಗೆಯುತ್ತಾರೆ. ಹುಡುಗಿ ಲೆಕ್ಕದಲ್ಲಿ ಬಲು ಚುರುಕು, ಇಂಗ್ಲಿಷ್ ಪುಸ್ತಕ ಕಂಡರೆ ಮಾತ್ರ ಜ್ವರ ಬಂದವಳ ಹಾಗೆ ಮುಸುಕು ಹಾಕಿಬಿಡುತ್ತಾಳೆ, ನೀವೂ ಹಾಗೇ ಇದ್ದವರಂತಲ್ಲ, ಏನಾದರೂ ದಾರಿ ಹೇಳಿ ಅನ್ನುತ್ತಾರೆ. ಕೇಳದಿದ್ದವರಿಗೇ ಬುದ್ಧಿ ಹೇಳುವವಳು ನಾನು, ಕೇಳಿದವರನ್ನು ಬಿಡುತ್ತೇನೆಯೇ? ಸಂತೆಗೆ ಕಳಿಸಿ ಅನ್ನುತ್ತೇನೆ. ಅವರು ನಕ್ಕು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ನಾನು ತಮಾಷೆಗೆ ಅಂದೆ ಅಂದುಕೊಳ್ಳುತ್ತಾರೆ. ಅದಕ್ಕೇ ಇದನ್ನು ಬರೆದಿಟ್ಟುಬಿಡೋಣ ಅಂತ ಕೂತೆ.

ನಾನು ಪ್ಲಸ್ ಟೂ, ಅಂದರೆ ಹನ್ನೆರಡನೇ ಕ್ಲಾಸು, ಓದಿದ್ದು ತೊಂಬತ್ತರ ದಶಕದಲ್ಲಿ, ತಮಿಳುನಾಡಿಗೆ ಸೇರಿದ ಬೆಟ್ಟದ ಮೇಲಿನ ತಾಳವಾಡಿಯಲ್ಲಿ. ನಮ್ಮೂರು ಗೆಟ್ಟವಾಡಿ. ಮನೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ತಮಿಳು, ಬಸ್ಸಿನಲ್ಲಿ ಎರಡೂ, ಹೀಗೆ ನಮ್ಮ ನಾಲಿಗೆ ಎತ್ತ ಬೇಕಾದರೂ ಹೊರಳುತ್ತಿತ್ತು. ಇಂಗ್ಲಿಷಿನ ಕಡೆಗೆ ಮಾತ್ರ ಹೊರಳುತ್ತಿರಲಿಲ್ಲ. ನಾವು ಓದುತ್ತಿದ್ದದ್ದು ಕನ್ನಡ ಮಾಧ್ಯಮ. ಆದರೆ ಅಂಗಡಿಯಲ್ಲಿ ಸಿಗುತ್ತಿದ್ದ ಇಂಗ್ಲಿಷ್ ಗೈಡುಗಳಲ್ಲಿ ಅರ್ಥ ಇರುತ್ತಿದ್ದದ್ದು ತಮಿಳಿನಲ್ಲಿ. ಒಂದು ಇಂಗ್ಲಿಷ್ ಮಾತು ತಮಿಳಿನ ಅಂಗಳ ದಾಟಿ ಕನ್ನಡದ ಹೊಸ್ತಿಲಿಗೆ ಬರುವ ಹೊತ್ತಿಗೆ ಅದಕ್ಕೂ ಸುಸ್ತು, ನನಗೂ ಸುಸ್ತು. ಲೆಕ್ಕ ಹಾಗಲ್ಲ. ಅದಕ್ಕೆ ದುಭಾಷಿ ಬೇಡ. ಸಮೀಕರಣ ಕಂಡರೆ ನನಗೆ ಬುತ್ತಿ ಗಂಟು ಬಿಚ್ಚಿದಷ್ಟು ಖುಷಿ. ಬಲಗಡೆಯದನ್ನು ಎಡಕ್ಕೆ ತಂದರೆ ಚಿಹ್ನೆ ಬದಲು, ಮುಗಿಯಿತು, ಯಾರ ಹಂಗೂ ಇಲ್ಲ.

ಆದರೆ ನಮ್ಮನೆಯಲ್ಲಿ ಇಂಗ್ಲಿಷಿಗೆ ಒಂದು ಹಳೆಯ ಕತೆ ಇತ್ತು. ನನಗಿಂತ ದೊಡ್ಡವನಾದ ಅಣ್ಣ ಪ್ಲಸ್ ಟೂ ಪರೀಕ್ಷೆಯಲ್ಲಿ ಮಿಕ್ಕಿದ್ದೆಲ್ಲ ಪಾಸು ಮಾಡಿ ಇಂಗ್ಲಿಷ್ ಒಂದನ್ನು ಉಳಿಸಿಕೊಂಡ. ಮತ್ತೆ ಕಟ್ಟಿದ, ಮತ್ತೆ ಉಳಿಯಿತು. ಘಾಟಿ ಇಳಿದು ಟ್ಯುಟೋರಿಯಲ್ಲಿಗೂ ಹೋಗಿ ಬಂದ. ಅಲ್ಲಿಂದ ಅವನು ಕಲಿತು ಬಂದದ್ದು ಗಾಡಿ ಓಡಿಸುವುದನ್ನು. ಕೊನೆಗೆ ಪರೀಕ್ಷೆಗೆ ಕೈಮುಗಿದು, ಟೆಂಪೊ ಹಿಡಿದು, ಚಾಮರಾಜನಗರಕ್ಕೆ ತರಕಾರಿ ಹೊಡೆಯಲು ಶುರು ಮಾಡಿದ. ಅವನಿಗೆ ಅದರಲ್ಲಿ ಒಂದಿಷ್ಟೂ ಬೇಸರ ಇರಲಿಲ್ಲ, ಬೇಸರ ಇದ್ದದ್ದು ಅಪ್ಪನಿಗೆ. ನಾನು ಪ್ಲಸ್ ಟೂಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂರಿಸಿಕೊಂಡು ಮಾತು ಮುಗಿಸಿಬಿಟ್ಟ.

“ಅವನ್ಗ ಕಟ್ಟಿ ಕಟ್ಟಿ ಸಾಕಾಗದ. ನಿಂಗ ಒಂದೇ ಸಲ. ಪಾಸಾದ್ರ ಕಾಲೇಜು. ಇಲ್ದಿದ್ರ ಇನ್ನೊಂದ್ಸಲ ಅನ್ನೋ ಮಾತ ಎತ್ತಬ್ಯಾಡ.”

ಅಪ್ಪ ಬೇಸಾಯದ ಜೊತೆಗೆ ದನದ ವ್ಯಾಪಾರವನ್ನೂ ಮಾಡುತ್ತಿದ್ದವನು. ಅವನೊಂದಿಗೆ ಚೌಕಾಸಿ ಸುಲಭವಲ್ಲ. ಎರಡು ಸಲ ಅಂತ ಕೇಳಿ ನೋಡಿದೆ, ಒಂದು ಅಂದ. ಒಂದೂವರೆಗೆ ಏನಾದರೂ ದಾರಿ ಇದೆಯೇ ಅಂತ ಯೋಚಿಸಿದೆ, ಇರಲಿಲ್ಲ. ಹೀಗೆ ಬೆಲೆಯಲ್ಲಿ ಎದುರಿನವರು ಜಗ್ಗದಿದ್ದಾಗ ಮಾಲಿನಲ್ಲಿ ಜಾಸ್ತಿ ಕೇಳಬೇಕು, ಇದು ನಾನು ಎಲ್ಲರಿಗೂ ಹೇಳುವ ಮಾತು. ಹಾಗಾದರೆ ಪಾಸಾದ ಮೇಲೆ ಯಾವ ಕಾಲೇಜು, ಯಾವ ವಿಷಯ ಅನ್ನೋದು ನನ್ನಿಷ್ಟ, ಹಾಸ್ಟೆಲ್ಲಿಗೂ ಸೇರಿಸಬೇಕು ಅಂದೆ. ಅಪ್ಪ ತಕ್ಷಣ ಒಪ್ಪಿದ. ಅಷ್ಟು ಬೇಗ ಒಪ್ಪಿದ್ದೇ ನನಗೆ ಅವಮಾನವಾಯಿತು. ಅವನ ಲೆಕ್ಕದಲ್ಲಿ ನಾನು ಪಾಸಾಗುವ ಹಾಗೇ ಇರಲಿಲ್ಲ. ಒಳಗಿಂದ ಅಣ್ಣ, ನಮ್ಮನೆ ಬಾವಿ ನೀರು ಕುಡಿದವರಿಗೆ ಇಂಗ್ಲಿಷ್ ಇಳಿಯುವುದಿಲ್ಲ ಅಂತ ನಕ್ಕ. ಅವ್ವ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ ಬಾಯಿ ಮುಚ್ಚಿಸಿದಳು.

ಕ್ವಾರ್ಟರ್ಲಿ ಪರೀಕ್ಷೆ ಬಂತು. ಲೆಕ್ಕದಲ್ಲಿ ಒಂದಂಕವೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಅಂಕವೇ ನನ್ನನ್ನು ಬಿಟ್ಟು ಹೋಗಿತ್ತು. ತಮಾಷೆ ಏನೆಂದರೆ ನನ್ನ ಉತ್ತರಗಳಲ್ಲಿ ಅಂಥ ತಪ್ಪೇನೂ ಇರಲಿಲ್ಲ. ಒಂದು ಕತೆಯ ಮೇಲೆ ಪ್ರಬಂಧ ಕೇಳಿದ್ದರು, ಆ ಹುಡುಗ ಯಾಕೆ ಮನೆ ಬಿಟ್ಟು ಹೋದ ಅಂತ. ‘ಮನೆಯಲ್ಲಿ ಊಟ ಇರಲಿಲ್ಲ’ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದು, ಕೆಳಗೊಂದು ಗೀಟು ಎಳೆದಿದ್ದೆ. ಲೆಕ್ಕದಲ್ಲಿ ಸಾಬೀತಾದ ಮೇಲೆ ಗೀಟು ಎಳೆಯುತ್ತೇವಲ್ಲ, ಹಾಗೆ. ಪುಟ ತುಂಬ ಬರೆಯಬೇಕಾದ ಜಾಗದಲ್ಲಿ ಆ ಗೀಟಿನ ಕೆಳಗೆ ಬಿಳಿ ಹಾಳೆ ಹೊಲದ ಹಾಗೆ ಬಿದ್ದಿತ್ತು. ಹತ್ತಕ್ಕೆ ಒಂದು ಅಂಕ ಹಾಕಿದ್ದರು.

ಇಂಗ್ಲಿಷ್ ಟೀಚರು ಆ ವರ್ಷವೇ ಹೊಸದಾಗಿ ಬಂದಿದ್ದರು. ಬೆಟ್ಟದ ಕೆಳಗಿನ ಬಯಲುಸೀಮೆಯವರು, ಸಣ್ಣ ವಯಸ್ಸು, ಮೆಲುದನಿ. ಕನ್ನಡ ಅರ್ಧ ತಿಳಿಯುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ನಮ್ಮ ಮಾತೆಲ್ಲ ತಮಿಳಿನಲ್ಲಿ. ನಾನು ಉತ್ತರಪತ್ರಿಕೆ ಹಿಡಿದು ನೇರ ಅವರ ಮೇಜಿನ ಮುಂದೆ ನಿಂತೆ. ಉತ್ತರ ಸರಿಯೋ ತಪ್ಪೋ ಅಂತ ಕೇಳಿದೆ.

“ಸರಿ ಇದೆ,” ಅಂದರು.

“ಸರಿ ಇದ್ದರೆ ಹತ್ತಕ್ಕೆ ಹತ್ತು ಯಾಕಿಲ್ಲ ಟೀಚರ್?”

“ಇದು ಉತ್ತರದ ಬೀಜ. ಗಿಡ ಎಲ್ಲಿ?”

ಐದಾದರೂ ಕೊಡಿ ಅಂದೆ. ನಾಲ್ಕು. ಮೂರು. ಅವರು ಪ್ರತಿ ಸಲವೂ ಅಷ್ಟೇ ಮೆಲುದನಿಯಲ್ಲಿ ಆಗುವುದಿಲ್ಲ ಅಂದರು. ನನ್ನ ಜನ್ಮದಲ್ಲಿ ಇಂಥ ಗಟ್ಟಿ ಕುಳವನ್ನು ಕಂಡಿರಲಿಲ್ಲ. ಅರ್ಧ ಅಂಕವೂ ಗಿಟ್ಟದೆ ಹೊರಗೆ ಬಂದೆ. ಸಿಟ್ಟು ಬಂದಿತ್ತು ನಿಜ, ಆದರೆ ಜೊತೆಗೆ ಒಂದು ಮರ್ಯಾದೆಯೂ ಹುಟ್ಟಿತ್ತು. ಇವರನ್ನು ಯಾರೂ ಸುಲಭಕ್ಕೆ ಬಗ್ಗಿಸಲಾರರು ಅಂದುಕೊಂಡೆ.

ಅದೇ ವಾರದ ಸಂತೆಯಲ್ಲಿ ನನ್ನ ಆ ಅಂದಾಜು ತಲೆಕೆಳಗಾಯಿತು. ಅವ್ವ ಬೆಳ್ಳುಳ್ಳಿ ತರಲು ಕಳಿಸಿದ್ದಳು. ನೋಡುತ್ತೇನೆ, ಟೀಚರು ದೊಡ್ಡಗಾಜನೂರಿನ ಒಬ್ಬ ಅಜ್ಜಿಯ ಮುಂದೆ ಚೀಲ ಬಿಡಿಸಿಕೊಂಡು ನಿಂತಿದ್ದಾರೆ. ಆ ಅಜ್ಜಿ ಬೀನ್ಸು ಮಾರುವವಳು. ಎಲೆಅಡಿಕೆ ಬಾಯಿ, ಇಡೀ ಸಂತೆಗೆ ಕೇಳುವ ಗಂಟಲು. ಅಜ್ಜಿ ಹೇಳಿದ ಬೆಲೆಗೆ ಟೀಚರು ತಲೆಯಾಡಿಸಿದರು. ಅಜ್ಜಿ ಗುಡ್ಡೆಯ ಮುಂದಿನ ಒಳ್ಳೆಯ ಬೀನ್ಸು ಬಿಟ್ಟು ಹಿಂದಿನ ಬಾಡಿದ್ದನ್ನು ತಕ್ಕಡಿಗೆ ಹಾಕಿದಳು. ಟೀಚರು ಅದಕ್ಕೂ ತಲೆಯಾಡಿಸಿದರು. ನನಗೆ ಅರ್ಧ ಅಂಕ ಬಿಡದ ಹೆಂಗಸು ಅಲ್ಲಿ ಕೇಳಿದ್ದೆಲ್ಲ ಬಿಟ್ಟುಕೊಡುತ್ತಿದ್ದರು. ಆಮೇಲೆ ಅವರೇ ಹೇಳಿದ ಹಾಗೆ, ಅವರು ಬೆಳೆದದ್ದೆಲ್ಲ ಹಾಸ್ಟೆಲ್ಲಿನಲ್ಲಿ, ತಟ್ಟೆಗೆ ಬಿದ್ದದ್ದನ್ನು ಉಂಡು ಅಭ್ಯಾಸ. ಬೆಲೆ ಕೇಳಿ ಇಲ್ಲ ಅನ್ನುವುದು ಅವರಿಗೆ ಯಾರನ್ನೋ ಬೈದ ಹಾಗೆ ಅನಿಸುತ್ತಿತ್ತಂತೆ.

ಸುಮ್ಮನೆ ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ. ಮಧ್ಯೆ ನುಗ್ಗಿದೆ.

“ಅಜ್ಜಿ, ಇದ ಬೀನ್ಸ್ ಅಂತಾರಾ, ಉಣಸೆ ಬರ್ಲು ಅಂತಾರಾ?”

“ನಿಂಗ್ಯಾಕಮ್ಮಿ ಒಟ್ಟೆಕಿಚ್ಚು? ಕೊಡೋರು ಕೊಡ್ತಾವ್ರ, ಈಸ್ಕೊಳ್ಳೋರು ಈಸ್ಕೊತಾವ್ರ.”

“ಇವ್ರು ನಮ್ಮ ಟೀಚರು ಕಣಜ್ಜಿ. ಇದ ತಿಂದು ಇವ್ರ ಒಟ್ಟೆ ನೊಂದ್ರ ನಮ್ಗ ಪಾಠ ಮಾಡೋರ್ಯಾರು, ನೀ ಬಂದಯಾ?”

ನಮ್ಮ ಕಡೆಯ ಸಂತೆಯಲ್ಲಿ ವ್ಯಾಪಾರಕ್ಕೆ ಒಂದು ಕ್ರಮ ಇದೆ. ಮೊದಲು ಮಾಲನ್ನು ಹಳಿಯಬೇಕು, ಆಮೇಲೆ ಅರ್ಧಕ್ಕೆ ಕೇಳಬೇಕು. ಅವರು ದೇವರ ಮೇಲೆ ಆಣೆ ಇಟ್ಟಾಗ ಚೀಲ ಮಡಚಿ ಹೊರಡಬೇಕು. ಹೊರಟರೆ ನಿಜವಾಗಿ ಹೊರಟವರ ಹಾಗೆ ಹೊರಡಬೇಕು, ಹಿಂದೆ ತಿರುಗಿದರೆ ಕೆಟ್ಟಿತು. ಅವರು ಕೂಗಿ ಕರೆಯುತ್ತಾರೆ. ಬಂದು ಬೆಲೆ ಮುರಿದುಕೊಳ್ಳಬೇಕು. ತೂಕವಾದ ಮೇಲೆ ಕೊಸರು ಅಂತ ಒಂದು ಹಿಡಿ ಮೇಲೆ ಹಾಕಿಸಿಕೊಳ್ಳಬೇಕು. ಕೊಸರು ಬೀಳದ ವ್ಯಾಪಾರ ಉಪ್ಪಿಲ್ಲದ ಸಾರು. ಇಷ್ಟೂ ಆದರೆ ಇಬ್ಬರಿಗೂ ತೃಪ್ತಿ. ಕೇಳಿದ್ದನ್ನು ಕೊಟ್ಟು ಹೋಗುವವರನ್ನು ಕಂಡರೆ ಮಾರುವವರಿಗೂ ಏನೋ ಕಳಕೊಂಡ ಹಾಗಿರುತ್ತದೆ, ಅಯ್ಯೋ ಇನ್ನೂ ಹೆಚ್ಚು ಹೇಳಬಹುದಿತ್ತಲ್ಲ ಅಂತ ಕೊರಗು. ಅಂದು ನಾನು ಆ ಕ್ರಮವನ್ನೆಲ್ಲ ಟೀಚರ ಕಣ್ಣೆದುರು ನಡೆಸಿದೆ. ಅವರನ್ನೂ ಕೈಹಿಡಿದು ಎಳೆದುಕೊಂಡು ಬಾಳೆಹಣ್ಣಿನ ಸಾಲಿನವರೆಗೆ ಹೊರಟೆ. ಅಜ್ಜಿ ಕೂಗಿದಳು. ವಾಪಸು ಬಂದಾಗ ಟೀಚರು ಜಾದೂ ನೋಡಿದ ಮಗುವಿನ ಹಾಗೆ ನಿಂತಿದ್ದರು.

ಅವರ ಮನೆವರೆಗೂ ಚೀಲ ಹಿಡಿದು ಹೋದೆ. ದಾರಿಯಲ್ಲಿ ನನ್ನ ಮಾತು ಮುಂದಿಟ್ಟೆ. ವಾರವಾರ ಸಂತೆ ನಾನು ಮಾಡಿಕೊಡುತ್ತೇನೆ, ನೀವು ನನ್ನನ್ನು ಇಂಗ್ಲಿಷಿನಲ್ಲಿ ಪಾಸು ಮಾಡಿಸಿ. ಅಪ್ಪನ ಒಂದೇ ಸಲದ ಮಾತನ್ನೂ ಹೇಳಿದೆ. ಟೀಚರು ಒಪ್ಪಿದೆ ಅಂದರು. ಆದರೆ ಸಂತೆಯೊಳಗೆ ಕಾಲಿಟ್ಟ ಮೇಲೆ ತಮ್ಮ ಜೊತೆ ಬರೀ ಇಂಗ್ಲಿಷಿನಲ್ಲೇ ಮಾತಾಡಬೇಕು. ಮಾರುವವರು ಏನಂದರು, ನಾನೇನಂದೆ, ಯಾಕೆ ಹಾಗಂದೆ, ಎಲ್ಲವನ್ನೂ ಆಗಿಂದಾಗಲೇ ಇಂಗ್ಲಿಷಿನಲ್ಲಿ ಹೇಳಬೇಕು. ಇಲ್ಲದಿದ್ದರೆ ಅಜ್ಜಿ ಹೇಳಿದ ಬೆಲೆಗೇ ಕೊಂಡುಬಿಡುತ್ತೇನೆ ಅಂದರು. ಹೆದರಿಸುವುದು ಆ ಮೆಲುದನಿಗೆ ಚೆನ್ನಾಗಿಯೇ ಗೊತ್ತಿತ್ತು.

ಮೊದಲ ಸಂತೆಯಲ್ಲಿ ನನ್ನ ಬಾಯಿಂದ ‘ಟೂ ಮಚ್’ ಮತ್ತು ‘ನೋ’ ಬಿಟ್ಟು ಬೇರೇನೂ ಬರಲಿಲ್ಲ. ಅಷ್ಟಕ್ಕೇ ಸುತ್ತ ಜನ ಸೇರಿದರು. ಅಕ್ಕಪಕ್ಕದ ಸೊಪ್ಪಿನವರು, ಈರುಳ್ಳಿಯವರು ವ್ಯಾಪಾರ ಬಿಟ್ಟು ನೋಡತೊಡಗಿದರು. ಬೀನ್ಸಿನ ಅಜ್ಜಿಗೆ ಜನ ಸೇರಿದಷ್ಟೂ ಹುರುಪು. ನಾನು ಅರ್ಧಕ್ಕೆ ಕೇಳಿದೆ.

“ಆ ಬೆಲೆಗ ಬೀನ್ಸ್ ಬರದಿಲ್ಲ ಕಣಮ್ಮಿ, ಬೀನ್ಸಿನ ಪೋಟ ಬತ್ತದ. ತಕ್ಕೊಂಡ್ ಓಗು,” ಅಂದಳು.

ಏನಂದಳು ಅಂತ ಟೀಚರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬೆವರಿದೆ. “ನೋ ಬೀನ್ಸ್. ಓನ್ಲಿ ಫೋಟೊ,” ಅಂದೆ. ಟೀಚರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

ಅಜ್ಜಿಗೆ ಅನುಮಾನ ಬಂತು. “ಈಗ ಏನಂದ್ಬುಟ್ಟಮ್ಮಿ ನನ್ನ? ಬಯ್ದ್ಯಾ?”

“ಇಲ್ಲ ಕಣಜ್ಜಿ, ನೀ ಏಳಿದ್ನೇ ಇಂಗ್ಲಿಷ್ನಲ್ಲಿ ಏಳ್ದಿ.”

“ಅದೆಂಗ? ನಾ ಅಂದಿದ್ದು ಇನ್ನೂ ಉದ್ದ ಇತ್ತಲ್ಲ. ಪೂರ್ತಿ ಏಳು ಅವ್ರಿಗ.”

ಅಜ್ಜಿಯ ದೂರೂ ಟೀಚರ ದೂರೂ ಒಂದೇ ಆಗಿತ್ತು. ಇಬ್ಬರ ನಡುವೆ ಸಿಕ್ಕಿ ನಾನು ಉದ್ದ ಮಾತಾಡುವುದನ್ನು ಕಲಿಯಲೇಬೇಕಾಯಿತು. ಅದಕ್ಕೆ ಟೀಚರ ಹತ್ತಿರ ಒಂದೇ ಒಂದು ಆಯುಧ ಇತ್ತು, ‘ವೈ’ ಅನ್ನುವ ಪ್ರಶ್ನೆ. ಈ ಟೊಮೊಟೊ ಯಾಕೆ ಬೇಡ? ಮೆತ್ತಗಿದೆ. ಮೆತ್ತಗಿದ್ದರೆ ಏನಾಗುತ್ತದೆ? ನಾಳೆಗೆ ಕೊಳೆಯುತ್ತದೆ. ಹಾಗಾದರೆ ಅವರು ಯಾಕೆ ಅದನ್ನು ಮೇಲಿಟ್ಟಿದ್ದಾರೆ? ಬಿಸಿಲಿಗೆ ಹೊಳೆಯುತ್ತದೆ, ನಿಮ್ಮಂಥವರು ಹೊಳಪು ನೋಡಿ ಕೊಳ್ಳುತ್ತೀರಿ ಅಂತ. ಇಷ್ಟನ್ನೂ ಇಂಗ್ಲಿಷಿನಲ್ಲಿ ಜೋಡಿಸುವಾಗ ಸಾಲಿಗೆ ಸಾಲು ತಾನೇ ಸೇರಿಕೊಳ್ಳುತ್ತಿತ್ತು. ಮೊದಮೊದಲು ಬಾಗಿಲಿಲ್ಲದ ಗೋಡೆಗಳ ಹಾಗಿದ್ದ ನನ್ನ ಮಾತುಗಳಿಗೆ ‘ಬಿಕಾಸ್’, ‘ಸೋ’, ‘ಬಟ್’ ಎಂಬ ಬಾಗಿಲುಗಳು ಬಂದವು. ತಪ್ಪುಗಳು ಬೇಕಾದಷ್ಟು. ಟೀಚರು ಸಂತೆಯಲ್ಲಿ ತಿದ್ದುತ್ತಿರಲಿಲ್ಲ. ಮನೆಯ ಮೆಟ್ಟಿಲ ಮೇಲೆ ಬೀನ್ಸಿನ ನಾರು ತೆಗೆಯುತ್ತಾ, ಅಂದು ನಾನು ಆಡಿದ್ದನ್ನೇ ಮತ್ತೆ ಆಡಿಸಿ ಅಲ್ಲಿ ತಿದ್ದುತ್ತಿದ್ದರು.

ಸಂತೆಯ ಒಂದು ಮೂಲೆಯಲ್ಲಿ ಕಾಡಿನಿಂದ ಬಂದ ಸೋಲಿಗರ ಹೆಂಗಸೊಬ್ಬಳು ನೆಲ್ಲಿಕಾಯಿ ಹರಡಿಕೊಂಡು ಕೂರುತ್ತಿದ್ದಳು. ಅವಳು ಒಂದು ಬೆಲೆ ಹೇಳುತ್ತಿದ್ದಳು, ಆಮೇಲೆ ಮಾತಿಲ್ಲ. ಹಳಿದರೂ ಇಲ್ಲ, ಹೊರಟು ಹೋದರೂ ಕರೆಯುತ್ತಿರಲಿಲ್ಲ. ಅವಳ ಮುಂದೆ ನಾನು ಸೋತು ಹೇಳಿದ್ದನ್ನೇ ಕೊಟ್ಟು ಬರುತ್ತಿದ್ದೆ. ನೆಲ್ಲಿಕಾಯಿ ಮಾತ್ರ ಒಂದೂ ಕೆಟ್ಟದ್ದು ಇರುತ್ತಿರಲಿಲ್ಲ. ಬಾಯಿಪಾಠ ಬರೆಯಬೇಕಾದ ಪದ್ಯವೂ ಇವಳ ಹಾಗೆ, ಒಂದಕ್ಷರ ಕಮ್ಮಿ ಕೊಟ್ಟರೂ ನಡೆಯುವುದಿಲ್ಲ, ಪೂರಾ ಕೊಟ್ಟರೆ ಪೂರಾ ಅಂಕ ಅಂತ ಟೀಚರು ಅಂದರು. ಅದು ನನ್ನಂಥವಳಿಗೆ ಸರಿಯಾಗಿ ನಾಟಿತು. ಪದ್ಯಗಳನ್ನು ಮಗ್ಗಿಯ ಹಾಗೆ ಉರು ಹೊಡೆದೆ. ಅವ್ವ ರೊಟ್ಟಿ ತಟ್ಟುವ ಲಯಕ್ಕೆ ಅವು ಚೆನ್ನಾಗಿ ಹೊಂದುತ್ತಿದ್ದವು. ಕೊನೆಕೊನೆಗೆ ಅವ್ವನೇ ನಾನು ಎಲ್ಲಿ ತಡವರಿಸಿದೆ ಅಂತ ಹೇಳಿಬಿಡುತ್ತಿದ್ದಳು, ರೊಟ್ಟಿಯ ಏಟು ತಪ್ಪಿತಂತೆ.

ದೀಪಾವಳಿ ಮುಗಿದ ಮಾರನೆಯ ದಿನ ಅಣ್ಣ ಗುಮಟಾಪುರದ ಸಗಣಿ ಹಬ್ಬಕ್ಕೆ ಹೋಗಿ, ತಲೆಯಿಂದ ಕಾಲಿನವರೆಗೆ ಹಸಿರಾಗಿ ಟೆಂಪೊ ಹತ್ತಿ ಬಂದ. ದಾರಿಯಲ್ಲಿ ಟೀಚರ ಕಣ್ಣಿಗೆ ಬಿದ್ದುಬಿಟ್ಟ. ಮುಂದಿನ ಸಂತೆಯಲ್ಲಿ ಅವರ ‘ವೈ’ ಅದರ ಮೇಲೆ ಬಿತ್ತು. ಬೆಳೆದ ಗಂಡಸರು ಸಗಣಿ ಗುಡ್ಡೆಯಲ್ಲಿ ಇಳಿದು ಒಬ್ಬರ ಮೇಲೊಬ್ಬರು ಎರಚಿಕೊಳ್ಳುವುದು ಯಾಕೆ ಅಂತ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಕನ್ನಡದಲ್ಲೂ ಅದನ್ನು ಯಾರಿಗೂ ವಿವರಿಸಿದವಳಲ್ಲ ನಾನು. ಬೀರೇಶ್ವರ ದೇವರು, ಹಸು, ಮೈಗೆ ಒಳ್ಳೆಯದು ಅನ್ನುವ ನಂಬಿಕೆ ಎಲ್ಲ ಹೇಳಿ, ಕೊನೆಗೆ ಖುಷಿಗೆ ಅಂದೆ. ಅಣ್ಣ ಎರಡು ದಿನ ಸೋಪು ತಿಕ್ಕಿದರೂ ಹತ್ತಿರ ಕೂರುವ ಹಾಗಿರಲಿಲ್ಲ ಅನ್ನುವುದನ್ನೂ ಸೇರಿಸಿದೆ. ತಡೆಯದೆ, ಒಂದೇ ಓಟದಲ್ಲಿ. ಮುಗಿಸಿದ ಮೇಲೆ ಟೀಚರು, ಈಗ ಮಾತಾಡಿದ್ದು ಒಂದು ಪುಟ ಅಂದರು. ನನಗೆ ನಂಬಿಕೆ ಬರಲಿಲ್ಲ. ಬರೆದು ನೋಡು ಅಂದರು. ಬರೆದೆ. ಪುಟ ತುಂಬಿ ಹಿಂಬದಿಗೂ ಹೋಯಿತು.

ಮಿಕ್ಕಿದ್ದು ನನ್ನ ಲೆಕ್ಕದ ಬುದ್ಧಿ ಮಾಡಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು ಯಾವ ಪ್ರಶ್ನೆ ಅಗ್ಗ, ಯಾವುದು ದುಬಾರಿ ಅಂತ ವಿಂಗಡಿಸಿದೆ. ಪತ್ರ ಬರೆಯುವುದರಲ್ಲಿ ಮೇಲೆ ಊರು, ಕೆಳಗೆ ಸಹಿ, ನಡುವೆ ಮರ್ಯಾದೆಯ ಎರಡು ಮಾತು ಸರಿಯಾಗಿ ಇಟ್ಟರೆ ಅರ್ಧ ಅಂಕಗಳು ಬಿದ್ದ ಹಾಗೆಯೇ. ಗದ್ಯದ ಒಂದು ತುಂಡು ಕೊಟ್ಟು ಅದರ ಮೇಲೆ ಕೇಳುವ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇರುತ್ತದೆ, ಹೆಕ್ಕಿದರಾಯಿತು. ಕರ್ತರಿ, ಕರ್ಮಣಿ ಪ್ರಯೋಗ ನನಗೆ ಸಮೀಕರಣದ ಹಾಗೇ ಕಂಡಿತು, ಆಚೆಯದನ್ನು ಈಚೆಗೆ ತಂದರೆ ರೂಪ ಬದಲು. ಮಕ್ಕಳೇ, ಲೆಕ್ಕ ಬರುವವರಿಗೆ ಇಂಗ್ಲಿಷ್ ಬರುವುದಿಲ್ಲ ಅನ್ನುವುದು ಸುಳ್ಳು. ನಮಗೆ ಒಂದು ಸಲ ಹೇಳಿದ್ದನ್ನು ಮತ್ತೊಂದು ಸಲ ಹೇಳಲು ನಾಚಿಕೆ, ಅಷ್ಟೇ. ಆ ನಾಚಿಕೆ ಬಿಡಿ.

ಹೀಗೆಲ್ಲ ತಯಾರಾಗಿ ಮಾರ್ಚಿನಲ್ಲಿ ಪರೀಕ್ಷೆಗೆ ಕೂತೆ. ಇಂಗ್ಲಿಷಿಗೆ ಎರಡು ಪತ್ರಿಕೆ. ಎರಡೂ ಸೇರಿ ಇನ್ನೂರಕ್ಕೆ ಎಪ್ಪತ್ತು ಬಂದರೆ ಪಾಸು. ಮೊದಲನೆಯದು ಬೆಣ್ಣೆಯ ಹಾಗೆ ಹೋಯಿತು. ಎರಡನೆಯ ಪತ್ರಿಕೆ ತಿರುಗಿಸಿದೆ, ಎದೆ ಹಿಗ್ಗಿತು. ಹಣ್ಣಿನ ಅಂಗಡಿಯವನಿಗೂ ಗಿರಾಕಿಗೂ ನಡೆಯುವ ಸಂಭಾಷಣೆ ಬರೆಯಿರಿ. ಐದು ಅಂಕ.

ಗೈಡಿನಲ್ಲಿ ಅದಕ್ಕೆ ಒಂದು ಸಿದ್ಧ ಉತ್ತರ ಇತ್ತು. ಹಣ್ಣಿಗೆಷ್ಟು, ಇಷ್ಟು, ಕೊಡಿ, ತಗೊಳ್ಳಿ, ಧನ್ಯವಾದ. ಎಲ್ಲರೂ ಅದನ್ನೇ ಬರೆದು ಮುಂದಕ್ಕೆ ಹೋದರು. ನನಗೆ ಅದು ಸಂಭಾಷಣೆ ಅನ್ನಿಸಲೇ ಇಲ್ಲ. ಹೇಳಿದ ಬೆಲೆಗೆ ಯಾರಾದರೂ ಹಣ್ಣು ಕೊಳ್ಳುತ್ತಾರೆಯೇ? ನನ್ನ ಗಿರಾಕಿ ಮೊದಲು ಮಾವಿನಹಣ್ಣನ್ನು ಮೂಸಿ ನೋಡಿ, ಇದು ಹಣ್ಣೋ ಉಪ್ಪಿನಕಾಯಿಗೆ ಇಟ್ಟದ್ದೋ ಅಂತ ಕೇಳಿದಳು. ಅಂಗಡಿಯವನು ಬಿಡುತ್ತಾನೆಯೇ, ಅಜ್ಜಿಯ ನಾಲಿಗೆಯನ್ನು ಪೂರ್ತಿ ಅವನ ಬಾಯಿಗೆ ಇಟ್ಟಿದ್ದೆ. ಆ ಬೆಲೆಗೆ ಹಣ್ಣಿನ ಫೋಟೊ ಸಿಗುತ್ತದೆ ಅಂದ. ಗಿರಾಕಿ ಹೊರಟಳು. ಅವನು ಕರೆಯಲಿಲ್ಲ. ನಾನೇ ಬರೆಯುತ್ತಿದ್ದರೂ ಅವನು ಕರೆಯಲಿಲ್ಲ, ಅಷ್ಟು ಗಟ್ಟಿಯಾಗಿ ಅವನನ್ನು ಮಾಡಿಬಿಟ್ಟಿದ್ದೆ. ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸಿ, ಅಲ್ಲಿಂದ ಬೆಲೆ ಕೂಗಿಸಿ, ಇವನ ಹೊಟ್ಟೆ ಉರಿಸಬೇಕಾಯಿತು. ಹೆಚ್ಚುವರಿ ಹಾಳೆ ಕೇಳಿ ಎದ್ದು ನಿಂತಾಗ ಮೇಲ್ವಿಚಾರಣೆಗೆ ಬಂದಿದ್ದ ಮೇಷ್ಟ್ರು, ಯಾವ ಪ್ರಬಂಧ ಇಷ್ಟು ಉದ್ದ ಅನ್ನುವ ಹಾಗೆ ನೋಡಿದರು. ಬೆಲೆ ಕೊನೆಗೂ ಮುರಿಯಿತು. ಆದರೆ ಕೊಸರು ಬೀಳದೆ ಗಿರಾಕಿಯನ್ನು ಮನೆಗೆ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಒಂದು ಸಣ್ಣ ಹಣ್ಣು ಮೇಲೆ ಹಾಕಿಸಿ, ತೃಪ್ತಿಯಿಂದ ಪೆನ್ನು ಕೆಳಗಿಟ್ಟೆ.

ಆಗ ಎಚ್ಚರಿಕೆಯ ಗಂಟೆ ಹೊಡೆಯಿತು. ಕತೆಯ ಮೇಲಿನ ದೊಡ್ಡ ಪ್ರಬಂಧವನ್ನು ನಾನು ಮುಟ್ಟಿಯೇ ಇರಲಿಲ್ಲ. ಹಿಂದೆ ಇನ್ನೂ ಎರಡು ಪ್ರಶ್ನೆಗಳಿದ್ದವು. ಹಳೆಯ ನನ್ನ ಹಾಗೆ ಸತ್ಯವನ್ನು ಎರಡೆರಡು ಸಾಲಿನಲ್ಲಿ ಬರೆದೆ. ಗೀಟು ಎಳೆಯಲೂ ಹೊತ್ತಿರಲಿಲ್ಲ, ಮೇಷ್ಟ್ರು ಹಾಳೆ ಎಳೆದುಕೊಂಡರು.

ಲೆಕ್ಕ ಬರುವವರಿಗೆ ಒಂದು ಕಷ್ಟ ಇದೆ. ತಾವು ಫೇಲಾಗುವುದನ್ನು ಮೊದಲೇ ಕೂಡಿ ನೋಡಬಹುದು. ಮನೆಗೆ ಹೋಗುವ ಬಸ್ಸಿನಲ್ಲೇ ಕೂಡಿದೆ. ಉದಾರವಾಗಿ ಕೂಡಿದರೆ ಗೆರೆಯ ಮೇಲೆ, ಜಿಪುಣತನದಲ್ಲಿ ಕೂಡಿದರೆ ಗೆರೆಯ ಕೆಳಗೆ. ಅಪ್ಪನಿಗೆ ಏನೂ ಹೇಳಲಿಲ್ಲ. ಮಾರನೆಯ ದಿನ ಟೀಚರಿಗೆ ಹೇಳಿದೆ. ಅವರ ಮುಖ ಬಾಡಿತು. ಅಷ್ಟು ಹೊತ್ತು ಏನು ಬರೆದೆ ಅಂತ ಕೇಳಿದರು. ನೆನಪಿದ್ದಷ್ಟು ಒಪ್ಪಿಸಿದೆ, ಅಂಗಡಿಯವನ ಮಾತು ಅವನ ದನಿಯಲ್ಲಿ, ಗಿರಾಕಿಯದು ಅವಳ ದನಿಯಲ್ಲಿ. ಪಕ್ಕದ ಅಂಗಡಿಯವನು ಬರುವ ಹೊತ್ತಿಗೆ ಟೀಚರು ಶಾಲೆಯ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ನಾನೂ ನಕ್ಕೆ. ಇಬ್ಬರಿಗೂ ಒಳಗೆ ಭಯ ಇತ್ತು, ಆದರೂ ನಗು ನಿಲ್ಲಲಿಲ್ಲ. ಇಂಗ್ಲಿಷ್ ಅತಿಯಾಗಿ ಬಂದು ಫೇಲಾದವಳು ಈ ಬೆಟ್ಟದಲ್ಲಿ ನೀನೇ ಮೊದಲಿಗಳು ಆಗುತ್ತೀಯೆ ಅಂದರು.

ಬೇಸಗೆ ರಜೆಗೆ ಟೀಚರು ತಮ್ಮೂರಿಗೆ ಇಳಿದು ಹೋದರು. ನಾನು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿದ್ದೆ, ಕಳೆ ಕೀಳುತ್ತಾ ಮತ್ತೆ ಮತ್ತೆ ಕೂಡುತ್ತಿದ್ದೆ. ಮೊತ್ತ ದಿನಕ್ಕೊಂದು ಬರುತ್ತಿತ್ತು. ಲೆಕ್ಕ ನನಗೆ ಕೈಕೊಟ್ಟದ್ದು ಆ ಬೇಸಗೆಯಲ್ಲಿ ಮಾತ್ರ.

ಫಲಿತಾಂಶದ ಪತ್ರಿಕೆ ಕೆಳಗಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ನಾನು ಹೋಗಲಿಲ್ಲ, ಅಣ್ಣ ಹೋದ. ನಮ್ಮನೆಯ ತಿರುವಿಗೆ ಬಂದಾಗ ಅವನ ಟೆಂಪೊದ ಹಾರನ್ನು ಬಿಡುವಿಲ್ಲದೆ ಕೂಗುತ್ತಿತ್ತು. ತನ್ನ ನಂಬರು ಎಂದೂ ಕಾಣದ ಪುಟದಲ್ಲಿ ನನ್ನದನ್ನು ಕಂಡು ಅವನಿಗೆ ತಲೆ ನಿಂತಿರಲಿಲ್ಲ. ಜಗಲಿಯ ಮೇಲೆ ಪತ್ರಿಕೆ ಹರಡಿ, ಬೆರಳಿಟ್ಟು ಅಪ್ಪನಿಗೆ ತೋರಿಸಿದ.

“ನೋಡಪ್ಪ, ನಮ್ಮನೆ ಬಾವೀಲಿ ತಪ್ಪಿಲ್ಲ. ನನ್ನಲ್ಲೇ ಇತ್ತು ಅಂತ ಕಾಣ್ತದ,” ಅಂದ.

ಅವ್ವ ಬೆಲ್ಲದ ಡಬ್ಬಿ ತಂದು ಬಾಯಿಗೆ ಬಾಯಿಗೆ ಹಾಕಿದಳು. ಅಪ್ಪ ಆ ನಂಬರನ್ನು ತಿರುಗಿ ತಿರುಗಿ ನೋಡಿದ, ಕೊಳ್ಳುವ ಎತ್ತಿನ ಹಲ್ಲು ನೋಡುವ ಹಾಗೆ.

ಅಂಕಪಟ್ಟಿ ಬಂದಾಗ ಲೆಕ್ಕದಲ್ಲಿ ಇನ್ನೂರಕ್ಕೆ ಇನ್ನೂರು. ಇಂಗ್ಲಿಷ್ ಗೆರೆ ದಾಟಿ ಸ್ವಲ್ಪ ಆಚೆ ನಿಂತಿತ್ತು. ರಜೆ ಮುಗಿಸಿ ಬಂದ ಟೀಚರು ಅದನ್ನು ನೋಡಿ, ನನ್ನ ಮಾವಿನಹಣ್ಣಿನ ವ್ಯಾಪಾರವನ್ನು ಯಾರೋ ಪುಣ್ಯಾತ್ಮರು ಮೆಚ್ಚಿರಬೇಕು ಅಂದರು. ನಾನು ಒಪ್ಪಲಿಲ್ಲ. ಎಷ್ಟೇ ಮೆಚ್ಚಿದರೂ ಐದಕ್ಕೆ ಐದರ ಮೇಲೆ ಯಾರೂ ಕೊಡಲಾರರು. ನನ್ನನ್ನು ದಾಟಿಸಿದ್ದು ಪತ್ರಗಳು, ಪದ್ಯಗಳು, ಹೆಕ್ಕಿ ಬರೆದ ಉತ್ತರಗಳು. ಓದುವವರು ಇದನ್ನು ಗಂಟು ಹಾಕಿಕೊಳ್ಳಿ, ಐದು ಅಂಕದ ಮಾಲಿಗೆ ಐದು ಅಂಕದಷ್ಟೇ ಹೊತ್ತು ಕೊಡಿ. ಆದರೂ ಒಂದು ನಿಜ ಹೇಳಬೇಕು. ಆ ಪರೀಕ್ಷೆಯಲ್ಲಿ ನಾನು ಬರೆದದ್ದರಲ್ಲಿ ಇವತ್ತಿಗೂ ನೆನಪಿರುವುದು ಅದೊಂದೇ. ಮಿಕ್ಕಿದ್ದೆಲ್ಲ ಅಂಕಕ್ಕೆ ಬರೆದೆ, ಅದನ್ನು ಮಾತ್ರ ನನಗೆ ಬರೆದುಕೊಂಡೆ.

ಅಪ್ಪ ಮಾತು ತಪ್ಪಲಿಲ್ಲ. ಕಾಲೇಜಿಗೆ ಸೇರಿಸಲು ಇಬ್ಬರೂ ಬೆಳಗಿನ ಬಸ್ಸು ಹತ್ತಿದೆವು. ಬಿ.ಎಸ್ಸಿ., ಲೆಕ್ಕ. ದಿಂಬದ ಘಾಟಿಯ ತಿರುವುಗಳನ್ನು ಬಸ್ಸು ಒಂದೊಂದಾಗಿ ಇಳಿಯುತ್ತಿತ್ತು. ಅಪ್ಪ ಮುಂದಿನ ಸೀಟಿನ ಕಂಬಿ ಹಿಡಿದು, ಕೆಳಗಿನ ಬಯಲನ್ನು ನೋಡುತ್ತಾ ನಿರಾಳವಾಗಿ ಕೂತಿದ್ದ.

“ಇನ್ನೇನವ್ವ, ಆ ಇಂಗ್ಲಿಷ್ ಕಾಟ ತಪ್ತಲ್ಲ. ಇನ್ನ ಬರೀ ಲೆಕ್ಕ ತಾನೆ?”

“ಮದ್ಲ ಎರಡು ವರ್ಸ ಇಂಗ್ಲಿಷೂ ಅದ ಕಣಪ್ಪ.”

ಅಪ್ಪ ತಿರುಗಿ ನನ್ನ ಮುಖ ನೋಡಿದ. “ಅಲ್ಲೂವೆ ಅದಾ? ಮದ್ಲೇ ಏಳ್ಬಾರದಾಗಿತ್ತಾ?”

“ನೀ ಕೇಳ್ನಿಲ್ವಲ್ಲ.”

ದನ ಮಾರುವವನಿಗೆ ಈ ಮಾತು ಗೊತ್ತಿಲ್ಲದ್ದೇನೂ ಅಲ್ಲ. ಕೊಳ್ಳುವವನು ಕೇಳದ್ದನ್ನು ಮಾರುವವನು ತಾನಾಗಿ ಹೇಳುವುದಿಲ್ಲ. ಅಪ್ಪ ಮೀಸೆಯೊಳಗೆ ನಗುತ್ತಾ, ಟವೆಲ್ಲಿನ ತುದಿಯಿಂದ ಬೆವರೊರೆಸಿಕೊಂಡು, ಕಾಲೇಜಿನ ಊರಲ್ಲಿ ಸಂತೆ ಯಾವ ದಿನ ಅಂತ ಪಕ್ಕದ ಸೀಟಿನವನನ್ನು ಕೇಳತೊಡಗಿದ.